40 ಸೀಟಿನ ಕಾಲ್ ಸೆಂಟರ್: 32 ಸೆಕೆಂಡಿಗೆ ಕಟ್, ಸಂಜೆ ಧ್ವನಿ ತುಂಡು, ‘ರೆಡಿ’ ಇದ್ರೂ ಕಾಲ್ ಬರಲ್ಲ. ಸಾಫ್ಟ್‌ವೇರ್‌ನವರನ್ನ ಏನು ಕೇಳಬೇಕು?

ಬೊಮ್ಮನಹಳ್ಳಿ_40:
ಬೊಮ್ಮನಹಳ್ಳಿಯಲ್ಲಿ 40 ಸೀಟು, ಕನ್ನಡ, ತಮಿಳು, ಹಿಂದಿ ಇನ್‌ಬೌಂಡ್. 34 ಜನ ಕ್ರೋಮ್‌ನಲ್ಲೇ ಮಾತಾಡ್ತಾರೆ, 6 ಡೆಸ್ಕಿನಲ್ಲಿ ಐಪಿ ಫೋನ್. ಫೈಬರ್ 100 ಎಂಬಿಪಿಎಸ್, ಬ್ಯಾಕಪ್ಪಿಗೆ ಬೇರೆ ಕಂಪನಿಯ 50. ಸ್ಪೀಡ್ ಟೆಸ್ಟ್ ಯಾವಾಗ ಮಾಡಿದ್ರೂ ಚೆನ್ನಾಗೇ ಬರುತ್ತೆ.
ತೊಂದರೆ ಮೂರು. ಐಪಿ ಫೋನಿನಲ್ಲಿ ಕೆಲವು ಕಾಲ್ ಎತ್ತಿದ 32ನೇ ಸೆಕೆಂಡಿಗೆ ಸರಿಯಾಗಿ ಕಟ್ ಆಗುತ್ತೆ. ಸಂಜೆ ಐದರ ಮೇಲೆ ಧ್ವನಿ ತುಂಡು ತುಂಡಾಗುತ್ತೆ. ಮತ್ತೆ, ಏಜೆಂಟ್ ‘ರೆಡಿ’ ಅಂತ ತೋರಿಸ್ತಿದ್ರೂ ಕಾಲ್ ಬರಲ್ಲ, ಗ್ರಾಹಕರು ಕ್ಯೂನಲ್ಲಿ ಕಾಯ್ತಾನೇ ಇರ್ತಾರೆ. ಮುಂದಿನ ತಿಂಗಳು ಕಾಲ್ ಸಾಫ್ಟ್‌ವೇರ್ ಕಂಪನಿ ಜೊತೆ ಕಾಂಟ್ರ್ಯಾಕ್ಟ್ ರಿನ್ಯೂವಲ್ ಇದೆ. ಇದರಲ್ಲಿ ನಮ್ಮ ಕಡೆ ಸರಿ ಮಾಡ್ಕೋಬೇಕಾದ್ದು ಯಾವುದು, ಅವರಿಂದ ಮಾಡಿಸಬೇಕಾದ್ದು ಯಾವುದು?

ಸಿಪ್_ಸಾಲು:
32 ಸೆಕೆಂಡ್ ಅನ್ನೋ ಅಂಕಿಯಲ್ಲೇ ಉತ್ತರ ಇದೆ. ಫೋನ್ ಎತ್ತಿದಾಗ ಅದು ಸರ್ವರಿಗೆ ‘ಎತ್ತಿದೆ’ ಅನ್ನೋ 200 ಓಕೆ ಸಂದೇಶ ಕಳಿಸುತ್ತೆ, ಸರ್ವರ್ ತಿರುಗಿ ‘ತಲುಪಿತು’ ಅನ್ನೋ ಎಸಿಕೆ ಕಳಿಸಬೇಕು. ಎಸಿಕೆ ಬರದಿದ್ರೆ ಫೋನ್ ಅದೇ 200 ಓಕೆಯನ್ನ ಮತ್ತೆ ಮತ್ತೆ ಕಳಿಸ್ತಾ ಹೋಗಿ, ಕೊನೆಗೆ ತಾನೇ ಕಾಲ್ ಮುಗಿಸುತ್ತೆ. ಸಿಪ್‌ನಲ್ಲಿ (ಇಂಟರ್ನೆಟ್ ಕಾಲ್ ಜೋಡಿಸೋ, ಮುಗಿಸೋ ನಿಯಮ) ಟಿ1 ಅನ್ನೋ ಮೂಲ ಕಾಯುವ ಸಮಯ ಅರ್ಧ ಸೆಕೆಂಡ್, ಅದರ 64 ಪಟ್ಟು 32. ಧ್ವನಿ ಬೇರೆ ದಾರಿಯಲ್ಲಿ ಹೋಗೋದ್ರಿಂದ ಅಷ್ಟು ಹೊತ್ತು ಮಾತು ಚೆನ್ನಾಗೇ ಕೇಳಿಸ್ತಿರುತ್ತೆ.
ಎಸಿಕೆ ಕಳೆದುಹೋಗೋದು ಹೆಚ್ಚಾಗಿ ವಿಳಾಸದ ಗೊಂದಲದಿಂದ. ಫೋನ್ ತನ್ನ ಕಾಂಟ್ಯಾಕ್ಟ್ ಹೆಡರ್‌ನಲ್ಲಿ 192.168 ಅಂತ ಶುರುವಾಗೋ ಒಳಗಿನ ವಿಳಾಸ ಕೊಟ್ಟಿರುತ್ತೆ, ಇಲ್ಲಾ ಕಾಲಿನ ಸಂದೇಶ ತಿದ್ದೋ ರೂಟರಿನ ‘ಸಿಪ್ ಎಎಲ್‌ಜಿ’ ಸೌಲಭ್ಯ ಅದನ್ನ ತಪ್ಪಾಗಿ ತಿದ್ದಿರುತ್ತೆ. ಮೊದಲು ರೂಟರಿನಲ್ಲಿ ಎಎಲ್‌ಜಿ ಆಫ್ ಮಾಡಿ, ರೂಟರನ್ನೂ ಫೋನುಗಳನ್ನೂ ರೀಸ್ಟಾರ್ಟ್ ಮಾಡಿ. ಆ ಆಯ್ಕೆಯೇ ಇಲ್ಲದ ರೂಟರ್ ಆದ್ರೆ ಫೋನನ್ನ ಯುಡಿಪಿ 5060 ಪೋರ್ಟಿನಿಂದ ಗೂಢಲಿಪಿಯ ಟಿಎಲ್‌ಎಸ್ 5061 ಪೋರ್ಟಿಗೆ ಬದಲಾಯಿಸಿ. ಗೂಢಲಿಪಿಯಲ್ಲಿ ಹೋಗೋದನ್ನ ಎಎಲ್‌ಜಿ ಮುಟ್ಟೋಕಾಗಲ್ಲ. ಸರ್ವರ್ ಆಸ್ಟರಿಸ್ಕ್ (ಒಂದು ಕಾಲ್ ಸರ್ವರ್ ಸಾಫ್ಟ್‌ವೇರ್) ಆಗಿದ್ರೆ ಆ ಫೋನುಗಳಿಗೆ ‘ರೀರೈಟ್ ಕಾಂಟ್ಯಾಕ್ಟ್’, ‘ಫೋರ್ಸ್ ಆರ್‌ಪೋರ್ಟ್’, ‘ಆರ್‌ಟಿಪಿ ಸಿಮೆಟ್ರಿಕ್’ ಮೂರೂ ಯೆಸ್ ಇರಲಿ. ಮೂರನೆಯದು ಒಂದೇ ಕಡೆ ಧ್ವನಿ ಕೇಳೋ ರೋಗಕ್ಕೂ ಮದ್ದು.
ಮುಂದೆಂದಾದ್ರೂ 15 ಅಥವಾ 30 ನಿಮಿಷದ ಹತ್ತಿರ ಕಟ್ ಆಗೋಕೆ ಶುರುವಾದ್ರೆ ಸೆಷನ್ ಟೈಮರ್ (ಕಾಲ್ ಇನ್ನೂ ಇದೆಯಾ ಅಂತ ಆಗಾಗ ಕೇಳೋ ವ್ಯವಸ್ಥೆ) ನೋಡಿ. ಅದರ ಅವಧಿ ಸಾಮಾನ್ಯವಾಗಿ 1800 ಸೆಕೆಂಡ್, ಅರ್ಧಕ್ಕೆ ಒಮ್ಮೆ ನವೀಕರಣ ಆಗಬೇಕು.

ಕ್ಯೂ_ಕಾವಲು:
ಸಂಜೆ ತೊಂದರೆಗೆ ನನ್ನ ಮೊದಲ ಅನುಮಾನ ಅಪ್‌ಲೋಡ್ ಮೇಲೆ. ಲೆಕ್ಕ ಹಾಕಿ: ಜಿ.711ರಲ್ಲಿ (ಧ್ವನಿಯನ್ನ ಡಿಜಿಟಲ್ ಮಾಡೋ ಒಂದು ವಿಧಾನ) 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, 160 ಬೈಟ್ ಧ್ವನಿ, 40 ಬೈಟ್ ಹೆಡರ್. ಸೆಕೆಂಡಿಗೆ 50 ಪ್ಯಾಕೆಟ್, ಅಂದ್ರೆ 80 ಕೆಬಿಪಿಎಸ್, ಈಥರ್ನೆಟ್ ಸೇರಿ ಸುಮಾರು 87. ನಲವತ್ತು ಜನ ಒಟ್ಟಿಗೆ ಮಾತಾಡಿದ್ರೂ ಒಂದು ದಿಕ್ಕಿಗೆ 3.5 ಎಂಬಿಪಿಎಸ್. ಬ್ರೌಸರ್ ಬಳಸೋ ಓಪಸ್ ಅನ್ನೋ ವಿಧಾನಕ್ಕೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಸಾಕು. ಹಾಗಾಗಿ ಲೈನ್ ಸಣ್ಣದಲ್ಲ. ಐದರ ಮೇಲೆ ರೆಕಾರ್ಡಿಂಗ್, ಸಿಸಿಟಿವಿ, ಬ್ಯಾಕಪ್ ಏನಾದ್ರೂ ಕ್ಲೌಡಿಗೆ ಏರ್ತಿದ್ರೆ ರೂಟರಿನ ಸಾಲು ತುಂಬಿಹೋಗುತ್ತೆ, ಧ್ವನಿಯ ಪ್ಯಾಕೆಟ್ ಆ ಸಾಲಿನ ಹಿಂದೆ ನಿಂತ್ಕೊಳ್ಳುತ್ತೆ. ಸ್ಪೀಡ್ ಟೆಸ್ಟಿನವರು ದೊಡ್ಡದಾಗಿ ತೋರಿಸೋ ವೇಗದಲ್ಲಿ ಇದು ಕಾಣಲ್ಲ.
ಪರೀಕ್ಷೆ ಸುಲಭ. ಕೇಬಲ್ ಹಾಕಿದ ಒಂದು ಕಂಪ್ಯೂಟರಿನಿಂದ ಪಿಂಗ್ (ಹೋಗಿಬರೋ ತಡ ಅಳೆಯೋ ಕಮಾಂಡ್) ಓಡಿಸಿ, ಅದು ಓಡ್ತಿರುವಾಗಲೇ ಇನ್ನೊಂದರಿಂದ ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. 20 ಇದ್ದ ಪಿಂಗ್ 200, 300 ಮಿಲಿಸೆಕೆಂಡಿಗೆ ಹಾರಿದ್ರೆ ರೋಗ ಗೊತ್ತಾಯ್ತು. ಮಾತಿಗೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ದಾಟಬಾರದು, ಪ್ಯಾಕೆಟ್ ನಷ್ಟ ಶೇ. 1ರ ಒಳಗಿರಬೇಕು. ಸಾಲು ಉದ್ದವಾಗದ ಹಾಗೆ ನೋಡ್ಕೊಳ್ಳೋ ಕೇಕ್ ಅಥವಾ ಎಫ್‌ಕ್ಯೂ-ಕೋಡೆಲ್ ಇರೋ ರೂಟರ್ ಹಾಕಿ (ರೂಟರ್ ಸಾಫ್ಟ್‌ವೇರ್ ಓಪನ್‌ಡಬ್ಲ್ಯೂಆರ್‌ಟಿಯಲ್ಲೂ ಮೈಕ್ರೋಟಿಕ್‌ನ 7ನೇ ಆವೃತ್ತಿಯಲ್ಲೂ ಎರಡೂ ಇವೆ), ಅಳೆದ ಅಪ್‌ಲೋಡಿನ ಶೇ. 85–90ಕ್ಕೆ ಮಿತಿ ಕಟ್ಟಿ. ಹಾಗೆ ಮಾಡಿದ್ರೆ ಸಾಲು ನಿಮ್ಮ ರೂಟರಿನಲ್ಲೇ ನಿಲ್ಲುತ್ತೆ, ಧ್ವನಿಯನ್ನ ಮುಂದೆ ಬಿಡೋ ಅಧಿಕಾರ ನಿಮ್ಮ ಕೈಗೆ ಬರುತ್ತೆ.
ಬ್ಯಾಕಪ್ ಲೈನ್ ಬಗ್ಗೆ ಒಂದು ಮಾತು. ಎರಡು ಕಂಪನಿಯ ಫೈಬರೂ ಒಂದೇ ಕಂಬ, ಒಂದೇ ಮರದ ಮೇಲೆ ಬಂದಿದ್ರೆ ಕೊಂಬೆ ಬಿದ್ದ ದಿನ ಎರಡೂ ಒಟ್ಟಿಗೆ ಹೋಗ್ತವೆ. ಹೊರಗೆ ಹೋಗಿ ಕಣ್ಣಾರೆ ನೋಡಿ. ಹಾಗಿದ್ರೆ ಎರಡನೆಯದು 5ಜಿ ಅಥವಾ ವೈರ್‌ಲೆಸ್ ಇರಲಿ. ಫೈಬರ್ ಡಬ್ಬಿ, ರೂಟರ್, ಸ್ವಿಚ್ ಮೂರೂ ಯುಪಿಎಸ್‌ನಲ್ಲಿರಬೇಕು. ಕರೆಂಟ್ ಹೋಗಿ ಜನರೇಟರ್ ಹತ್ತೋದು ಕೆಲವೇ ಸೆಕೆಂಡ್, ಆದ್ರೆ ಅವು ಆರಿ ಮತ್ತೆ ಎದ್ದೇಳೋಕೆ ನಿಮಿಷಗಳೇ ಬೇಕು.

ಟ್ಯಾಬ್_ತೆರೆದಿದೆ:
‘ರೆಡಿ’ ಇದ್ದೂ ಕಾಲ್ ಬರದೇ ಇರೋದು ಸಾಫ್ಟ್‌ವೇರ್‌ನವರ ಕೆಲಸ, ಇದನ್ನ ಬಿಟ್ಟುಕೊಡಬೇಡಿ. 2021ರಲ್ಲಿ ಬಂದ ಕ್ರೋಮ್ 88ರಿಂದ, ಹಿಂದೆ ಸರಿದ ಟ್ಯಾಬ್ 5 ನಿಮಿಷ ಹಾಗೇ ಇದ್ರೆ ಅದರ ಟೈಮರುಗಳು ನಿಮಿಷಕ್ಕೊಮ್ಮೆ ಮಾತ್ರ ಓಡ್ತವೆ. ಕಾಲ್ ನಡೀತಿರುವಾಗ ಈ ಕಡಿವಾಣ ಇಲ್ಲ, ಕಾಲಿಗೆ ಕಾಯುವಾಗ ಇದೆ. ಏಜೆಂಟ್ ಬೇರೆ ಟ್ಯಾಬಿನಲ್ಲಿ ಗ್ರಾಹಕರ ಕಡತ ನೋಡ್ತಿರುವಾಗ ‘ನಾನಿದ್ದೀನಿ’ ಅಂತ ಸರ್ವರಿಗೆ ಹೋಗಬೇಕಾದ ಸಂದೇಶ ತಡವಾಗುತ್ತೆ, ಸಂಪರ್ಕ ಸದ್ದಿಲ್ಲದೆ ಕಡಿದುಹೋಗುತ್ತೆ, ಪರದೆ ಮೇಲಿನ ಹಸಿರು ಚುಕ್ಕೆ ಮಾತ್ರ ಹಾಗೇ ಉಳಿಯುತ್ತೆ. ಆ ಟೈಮರನ್ನ ವೆಬ್ ವರ್ಕರ್‌ಗೆ (ಪುಟದ ಹಿಂದೆ ಬೇರೆಯಾಗಿ ಓಡೋ ಕೋಡ್) ಹಾಕೋಕೆ ಹೇಳಿ, ಅದಕ್ಕೆ ಈ ಕಡಿವಾಣ ತಾಗಲ್ಲ. ಸದ್ಯಕ್ಕೆ ಆ ಪುಟವನ್ನ ಬೇರೆ ವಿಂಡೋ ಮಾಡಿ, ಬೇರೇನೂ ಪೂರ್ತಿ ಮುಚ್ಚದ ಹಾಗೆ ಪರದೆಯ ಒಂದು ಬದಿಗಿಡಿ. ‘ರೆಡಿ’ ಅನ್ನೋದು ಸರ್ವರ್ ಹೇಳಿದ ಸ್ಥಿತಿ ಆಗಿರಬೇಕು, ಬ್ರೌಸರ್ ನೆನಪಿಟ್ಕೊಂಡಿದ್ದು ಆಗಬಾರದು.
ಕನ್ನಡದ ಕೆಲಸಕ್ಕೆ ಎರಡು ಬೇಡಿಕೆ ಸೇರಿಸಿ. ವರದಿಯ ಸಿಎಸ್‌ವಿ ಫೈಲನ್ನ ಎಕ್ಸೆಲ್‌ನಲ್ಲಿ ತೆರೆದ್ರೆ ಕನ್ನಡ ಟಿಪ್ಪಣಿ ಚಿತ್ರವಿಚಿತ್ರ ಅಕ್ಷರ ಆಗ್ತಿದ್ರೆ, ಯುಟಿಎಫ್-8ರ ಜೊತೆ, ಅದು ಯುಟಿಎಫ್-8 ಅಂತ ಎಕ್ಸೆಲ್‌ಗೆ ತಿಳಿಸೋ ಬಾಮ್ ಗುರುತು ಹಾಕಿ ಕೊಡಲಿ. ಕನ್ನಡ ಎಸ್‌ಎಂಎಸ್ ಒಂದಕ್ಕೆ 70 ಅಕ್ಷರಸಂಕೇತ ಮಾತ್ರ, ಇಂಗ್ಲಿಷಿನ ಹಾಗೆ 160 ಅಲ್ಲ. ಒತ್ತಕ್ಷರ, ಕಾಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ಬರೆಯುವಾಗಲೇ ಎಷ್ಟು ಭಾಗ ಆಗುತ್ತೆ ಅಂತ ತೋರಿಸಲಿ.

ಬೊಮ್ಮನಹಳ್ಳಿ_40:
ಎಎಲ್‌ಜಿ ಆಫ್ ಮಾಡಿದ ಮೇಲೆ ಇವತ್ತು ಒಂದೂ 32ರ ಕಟ್ ಇಲ್ಲ. ಅಪ್‌ಲೋಡ್ ಹಾಕಿದಾಗ ಪಿಂಗ್ 18ರಿಂದ 260ಕ್ಕೆ ಹೋಯ್ತು. ಕಾಂಟ್ರ್ಯಾಕ್ಟಿನಲ್ಲಿ ‘99.9 ಅಪ್‌ಟೈಮ್’ ಅಂತಿದೆ, ಅಷ್ಟು ಸಾಕಾ?

ಸಿಪ್_ಸಾಲು:
ಸಾಲದು. 99.9 ಅಂದ್ರೆ 30 ದಿನಕ್ಕೆ 43 ನಿಮಿಷ ನಿಂತ್ರೂ ಅವರು ಮಾತು ಉಳಿಸಿಕೊಂಡ ಹಾಗೆ, ಆ 43 ನಿಮಿಷ ಸೋಮವಾರ ಬೆಳಗ್ಗೆ ಹನ್ನೊಂದಕ್ಕೇ ಬಂದ್ರೂ. ಸರ್ವರ್ ಎದ್ದಿದ್ದು ಧ್ವನಿ ಕೆಟ್ಟಿದ್ರೆ ಅದು ಲೆಕ್ಕಕ್ಕೇ ಬರಲ್ಲ.
ಒಂದನ್ನೇ ಹಟ ಹಿಡಿದು ಕೇಳೋದಾದ್ರೆ ಇದನ್ನ ಕೇಳಿ: ಪ್ರತಿ ಕಾಲಿನ ದಾಖಲೆಯಲ್ಲಿ ಪ್ಯಾಕೆಟ್ ನಷ್ಟ, ಜಿಟ್ಟರ್ (ಪ್ಯಾಕೆಟ್ ಬರೋ ಸಮಯದ ಏರುಪೇರು), ಹೋಗಿಬರೋ ತಡ, ಎರಡೂ ದಿಕ್ಕಿನದ್ದು. ಆರ್‌ಟಿಸಿಪಿಯಲ್ಲಿ (ಧ್ವನಿಯ ಜೊತೆಗೇ ಹೋಗೋ ವರದಿ) ಈ ಅಂಕಿಗಳು ಬರ್ತಾನೇ ಇರ್ತವೆ, ಅವರು ಉಳಿಸಿಡಬೇಕು ಅಷ್ಟೆ. ಅದು ಕೈಲಿದ್ರೆ ‘ನಿಮ್ಮ ಇಂಟರ್ನೆಟ್ ಸರಿ ಇಲ್ಲ’, ‘ನಿಮ್ಮ ಸರ್ವರ್ ಸರಿ ಇಲ್ಲ’ ಅನ್ನೋ ವಾದ ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಸಹಿ ಹಾಕೋ ಮುಂಚೆ ಅವರ ಎದುರಿಗೇ ಕಾಲ್ ನಡೀತಿರುವಾಗ ಮುಖ್ಯ ಫೈಬರ್ ಕೇಬಲ್ ಕಿತ್ತು, ಬ್ಯಾಕಪ್ ಲೈನಿಗೆ ಹೋದಾಗ ಎಷ್ಟು ಸೆಕೆಂಡಿಗೆ ಮಾತು ವಾಪಸ್ ಬರುತ್ತೆ ಅಂತ ಅಳೆಯಿರಿ. ಐಪಿ ವಿಳಾಸ ಬದಲಾಗೋದ್ರಿಂದ ಐಸ್ ರೀಸ್ಟಾರ್ಟ್ (ಹೊಸ ದಾರಿ ಹುಡುಕಿ ಕಾಲ್ ಮತ್ತೆ ಜೋಡಿಸೋದು) ಬರೆದಿಲ್ಲದ ಸಾಫ್ಟ್‌ವೇರ್‌ನಲ್ಲಿ ಕಾಲ್ ಅಲ್ಲೇ ಬೀಳುತ್ತೆ.