ಬಿಳಿ ರಕ್ತಕಣ 16,800, ಜ್ವರ ಮಾತ್ರ ಇಲ್ಲ. ಮಿಷನ್ ತಪ್ಪಾ?

ಮಂಡ್ಯ ಲ್ಯಾಬ್:
ಎಲ್ಲರಿಗೂ ನಮಸ್ಕಾರ. ಮಂಡ್ಯದ ಸಣ್ಣ ಲ್ಯಾಬಲ್ಲಿ ಟೆಕ್ನೀಷಿಯನ್ ಆಗಿದ್ದೀನಿ. ಬೆಳಿಗ್ಗೆ ಒಬ್ಬರ ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ) ಬಿಳಿ ಕಣ 16,800 ಬಂತು. ಬಿಳಿ ಕಣದ ವಿಧಗಳು ನೂರಕ್ಕೆ ಹೀಗಿವೆ: ನ್ಯೂಟ್ರೊಫಿಲ್ 88, ಲಿಂಫೊಸೈಟ್ 9, ಮೊನೊಸೈಟ್ 3, ಈಸಿನೊಫಿಲ್ ಸೊನ್ನೆ. ಆ ಮನುಷ್ಯ ಆರಾಮಾಗಿ ನಡ್ಕೊಂಡು ಬಂದಿದ್ರು, ಮೈ ಬಿಸಿ ಇಲ್ಲ. ಮಿಷನ್ ಪರೀಕ್ಷಿಸೋ ಕಂಟ್ರೋಲ್ ಸರಿಯಾಗಿದೆ, ಟ್ಯೂಬಲ್ಲಿ ಹೆಪ್ಪಿಲ್ಲ, ಇನ್ನೊಂದ್ಸಲ ಹಾಕಿದ್ರೆ 16,600. ಮೂರು ತಿಂಗಳ ಹಿಂದೆ ಇವರದೇ ರಿಪೋರ್ಟಲ್ಲಿ 8,200, ಈಸಿನೊಫಿಲ್ 9 ಇತ್ತು. ಮಿಷನ್‌ಗೆ ಹಾಕೋ ರೀಏಜೆಂಟ್ (ರಾಸಾಯನಿಕ ದ್ರಾವಣ) ಬದಲಾಯಿಸಲಾ?

ಮೈಸೂರು ಸ್ಲೈಡ್:
ರೀಏಜೆಂಟ್ ಮುಟ್ಟಬೇಡಿ. ಎರಡು ಸಲವೂ ಹತ್ತಿರ ಹತ್ತಿರ ಬಂದಿದೆ, ಮಿಷನ್ ಸುಳ್ಳು ಹೇಳ್ತಿಲ್ಲ. ರಕ್ತ ಸವರಿದ ಸ್ಲೈಡ್ ಮೈಕ್ರೊಸ್ಕೋಪಲ್ಲಿ ನೋಡಿದ್ರಾ? ಬ್ಯಾಂಡ್ (ಪೂರ್ತಿ ಬಲಿಯದ ನ್ಯೂಟ್ರೊಫಿಲ್) ಎಷ್ಟಿವೆ, ಟಾಕ್ಸಿಕ್ ಗ್ರ್ಯಾನ್ಯೂಲ್ (ನ್ಯೂಟ್ರೊಫಿಲ್ ಒಳಗೆ ಗಾಢ ಬಣ್ಣದ ಕಾಳು) ಇದೆಯಾ? ಅವರು ಯಾವ ಔಷಧಿ ತಗೊಳ್ತಿದ್ದಾರೆ?

ಮಂಡ್ಯ ಲ್ಯಾಬ್:
ಮೇಡಂ, ಬ್ಯಾಂಡ್ ನೂರಕ್ಕೆ ಎರಡು. ಗ್ರ್ಯಾನ್ಯೂಲ್ ಕಾಣಲಿಲ್ಲ. ಔಷಧಿ ಕೇಳಿದ್ರೆ ಮೊದಲು "ಏನೂ ಇಲ್ಲ ಕಣಪ್ಪ" ಅಂದ್ರು. ಬಿಡದೆ ಕೇಳಿದ್ಮೇಲೆ ಜೇಬಿಂದ ಚೀಟಿ ತೆಗೆದ್ರು. ಆಲೆಮನೆ ಕೆಲಸ, ಹೊಗೆಗೆ ಉಬ್ಬಸ ಜೋರಾಗಿದೆ. ನಾಲ್ಕು ದಿನದಿಂದ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಮಾತ್ರೆ) 40 ಮಿ.ಗ್ರಾಂ.

ಮೈಸೂರು ಸ್ಲೈಡ್:
ಸಿಕ್ತಲ್ಲ! ನ್ಯೂಟ್ರೊಫಿಲ್‌ಗಳಲ್ಲಿ ದೊಡ್ಡ ಪಾಲು ರಕ್ತನಾಳದ ಗೋಡೆಗೆ ಅಂಟಿಕೊಂಡಿರ್ತವೆ. ನಾವು ಎಳೆದ ರಕ್ತದಲ್ಲಿ ಅವು ಲೆಕ್ಕಕ್ಕೇ ಬರಲ್ಲ. ಸ್ಟೀರಾಯ್ಡ್ ಆ ಅಂಟು ಬಿಡಿಸುತ್ತೆ. ಅಸ್ಥಿಮಜ್ಜೆಯಿಂದಲೂ ಹೊಸ ಕಣ ಹೊರಗೆ ಬರ್ತವೆ, ಸಾಯಬೇಕಾದವು ಇನ್ನಷ್ಟು ಹೊತ್ತು ಬದುಕ್ತವೆ. ಹಾಗಾಗಿ ಎಣಿಕೆ ಏರುತ್ತೆ. ಆದರೆ ಗೋಡೆ ಹಿಡಿಯದ ಕಣ ಸೋಂಕಿರೋ ಜಾಗಕ್ಕೆ ದಾಟೋದು ಹೇಗೆ? ಎಣಿಕೆ ಹೆಚ್ಚು, ಕೆಲಸ ಕಮ್ಮಿ. ನಮ್ಮವರು ಎಡವೋದು ಇಲ್ಲೇ, ಬಿಳಿ ಕಣ ಜಾಸ್ತಿ ಅಂದ್ರೆ ರೋಗನಿರೋಧಕ ಶಕ್ತಿ ಜಾಸ್ತಿ ಅಂದ್ಕೊಳ್ತಾರೆ.

ಲಿಂಫೊಸೈಟ್ ರಕ್ತ ಬಿಟ್ಟು ಮಜ್ಜೆ ಮತ್ತಿತರ ಕಡೆ ಸರಿಯುತ್ತೆ, ಈಸಿನೊಫಿಲ್ ಇಳಿಯುತ್ತೆ. ನಿಮ್ಮ 9 ಸೊನ್ನೆಯಾಗಿದ್ದು ಅದಕ್ಕೇ.

ಒಂದು ಎಚ್ಚರಿಕೆ: ಸ್ಟೀರಾಯ್ಡ್ ಜ್ವರವನ್ನೂ ಅಡಗಿಸುತ್ತೆ. "ಜ್ವರ ಇಲ್ಲ, ಸೋಂಕಿಲ್ಲ" ಅಂತ ನಾವು ಬರೆಯೋ ಹಾಗಿಲ್ಲ. ಬ್ಯಾಂಡ್ ಏರಿದ್ರೆ, ಟಾಕ್ಸಿಕ್ ಗ್ರ್ಯಾನ್ಯೂಲ್ ಕಂಡ್ರೆ ಅನುಮಾನ ಸೋಂಕಿನ ಕಡೆಗೆ. ಕಂಡದ್ದು ಬರೀರಿ, ತೀರ್ಮಾನ ಡಾಕ್ಟರದ್ದು. ಮಾತ್ರೆ ನಿಲ್ಲಿಸಿ ಅಂತ ಮಾತ್ರ ಕೌಂಟರಲ್ಲಿ ಯಾರೂ ಹೇಳಬಾರದು.

ಮದ್ದೂರು:
ಉಲ್ಟಾನೂ ಆಗುತ್ತೆ. ಥೈರಾಯ್ಡ್ ಜಾಸ್ತಿ ಇರೋರಿಗೆ ಕೊಡೋ ಕಾರ್ಬಿಮಜೋಲ್ ಅಪರೂಪಕ್ಕೆ ನ್ಯೂಟ್ರೊಫಿಲ್‌ಗಳನ್ನೇ ಅಳಿಸಿಬಿಡುತ್ತೆ. ನನ್ನ ಕಣ್ಣೆದುರು ಬಂದ ಒಬ್ಬ ಹೆಂಗಸಿಗೆ ಗಂಟಲು ನೋವು, ಜ್ವರ. ಕಷಾಯ ಕುಡ್ಕೊಂಡು ಮೂರು ದಿನ ಕಳೆದಿದ್ರು. ನ್ಯೂಟ್ರೊಫಿಲ್ ಮೈಕ್ರೊಲೀಟರಿಗೆ 500ಕ್ಕಿಂತ ಕೆಳಗೆ. ಅಂಥದ್ದು ಕಂಡ್ರೆ ರಿಪೋರ್ಟ್ ಪ್ರಿಂಟಾಗೋವರೆಗೆ ಕಾಯಬೇಡಿ, ಫೋನ್ ಎತ್ತಿ.

ಮಂಡ್ಯ ಲ್ಯಾಬ್:
ಡಾಕ್ಟರ್‌ಗೆ ಫೋನ್ ಮಾಡಿದೆ, ಮೇಡಂ. "ಸ್ಲೈಡ್ ನೋಡಿದೆ, ಬ್ಯಾಂಡ್ 2, ರೋಗಿ ಪ್ರೆಡ್ನಿಸೊಲೋನ್‌ನಲ್ಲಿದ್ದಾರೆ" ಅಂತ ರಿಪೋರ್ಟ್ ಕೆಳಗೆ ಬರೆದೆ. ಎದೆಯ ಎಕ್ಸ್‌ರೇ ನೋಡ್ತೀನಿ, ಕೋರ್ಸ್ ಮುಗಿದ್ಮೇಲೆ ಇನ್ನೊಂದು ಸಿಬಿಸಿ ಮಾಡೋಣ ಅಂದ್ರು. ನಮ್ಮ ಚೀಟಿಯಲ್ಲಿ ಔಷಧಿ ಬರೆಯೋ ಜಾಗವೇ ಇರಲಿಲ್ಲ. ಸದ್ಯಕ್ಕೆ ಪೆನ್ನಲ್ಲಿ ಗೆರೆ ಎಳೀತಾ ಇದ್ದೀನಿ.