ಬಾಯಲ್ಲಿ ಬಿಳಿ ಮಚ್ಚೆ: ಬಯಾಪ್ಸಿ ಬದಲು ಎಂಜಲು ಟೆಸ್ಟ್ ಸಾಕಾ?

ಪ್ರಶ್ನೆ (ಸಾಗರದಿಂದ): ನಮಸ್ತೆ ಡಾಕ್ಟ್ರೇ. ಅಪ್ಪನಿಗೆ 58 ವರ್ಷ. ಚಿಕ್ಕಂದಿನಿಂದ ಕವಳ ಹಾಕುತ್ತಾರೆ, ಹೊಗೆಸೊಪ್ಪೂ ಇದೆ. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಎದ್ದಿದೆ, ಉಜ್ಜಿದರೂ ಹೋಗುವುದಿಲ್ಲ. ನೋವಿಲ್ಲ. ಕ್ಯಾನ್ಸರ್ ಇದೆಯಾ ನೋಡಲು ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಿಸಿ ಅಂತ ನೋಡಿದ ಡಾಕ್ಟರ್ ಅಂದಿದ್ದಾರೆ. 'ಕತ್ತರಿ ಹಾಕಿದರೆ ಹರಡುತ್ತೆ, ನಾನು ಬರಲ್ಲ' ಅಂತ ಅಪ್ಪ ಕೂತುಬಿಟ್ಟಿದ್ದಾರೆ. ಎಂಜಲು ಕೊಟ್ಟರೆ ಸಾಕು, ಎಲ್ಲ ಗೊತ್ತಾಗುತ್ತೆ ಅಂತ ಒಂದು ವಿಡಿಯೋ ಬಂದಿತ್ತು. ಅದನ್ನೇ ಮಾಡಿಸೋಣವಾ?

ಉತ್ತರ (ದಂತ ವೈದ್ಯೆ): ಬೇಡ. ವಿಡಿಯೋ ಪೂರ್ತಿ ಸುಳ್ಳಲ್ಲ, ಆದರೆ ಅಪ್ಪನ ವಿಷಯಕ್ಕೆ ಅದು ಸಾಲದು.

ಕೆಟ್ಟ ಜೀವಕೋಶಗಳು ಬಿಡುವ ಪ್ರೋಟೀನ್, ಆರ್‌ಎನ್‌ಎ (ಪ್ರೋಟೀನ್ ತಯಾರಿಗೆ ಸಂದೇಶ ಒಯ್ಯುವ ಅಣು) ಚೂರುಗಳು ಎಂಜಲಿಗೆ ಸೇರುತ್ತವೆ. 2004ರಲ್ಲಿ ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡ ಬಾಯಿ ಕ್ಯಾನ್ಸರ್ ರೋಗಿಗಳ ಎಂಜಲಿನಲ್ಲಿ ಇಂಥ ಏಳು ಆರ್‌ಎನ್‌ಎ ಜಾಸ್ತಿ ಇರುವುದನ್ನು ತೋರಿಸಿತು. ಊತ ಬಂದಾಗ ದೇಹ ಬಿಡುವ ಇಂಟರ್‌ಲ್ಯೂಕಿನ್-8 ಅನ್ನೋ ಪ್ರೋಟೀನಿನದು ಅದರಲ್ಲಿ ಒಂದು. ಎಲ್‌ಡಿಹೆಚ್ ಅನ್ನೋ ಕಿಣ್ವದ ಮೇಲೂ ಕೆಲಸ ಆಗಿದೆ. ಅಳೆಯುವ ಖರ್ಚು ಕಡಿಮೆ, ಹಾಗಾಗಿ ನಮ್ಮ ಕಡೆ ಥೀಸಿಸ್ ಬರೆಯುವವರಿಗೆ ಅದು ಅಚ್ಚುಮೆಚ್ಚು.

ತೊಡಕು ಎಲ್ಲಿ ಗೊತ್ತಾ? ಒಸಡು ಊದಿದರೂ ಇಂಟರ್‌ಲ್ಯೂಕಿನ್ ಏರುತ್ತದೆ. ಇಷ್ಟು ವರ್ಷ ಕವಳ ಹಾಕಿದವರ ಒಸಡು ಚೆನ್ನಾಗಿರುವುದು ಅಪರೂಪ. ಆಮೇಲೆ, ಕ್ಯಾನ್ಸರ್ ಬಂದವರನ್ನೂ ಆರೋಗ್ಯವಂತರನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ನಡುವಿನವರ, ಅಂದರೆ ಮಚ್ಚೆ ಇದ್ದೂ ಕ್ಯಾನ್ಸರ್ ಖಚಿತವಾಗದವರ ಅಂಕಿ ಎರಡೂ ಕಡೆಗೆ ಬೆರೆತುಹೋಗುತ್ತದೆ. ನಮಗೆ ಉತ್ತರ ಬೇಕಿರುವುದೇ ಅವರ ಬಗ್ಗೆ.

ಬಯಾಪ್ಸಿಯಿಂದ ಹರಡುತ್ತದೆ ಅನ್ನೋದು ಬರೀ ಹೆದರಿಕೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬೇಳೆಕಾಳಿನಷ್ಟು ಚೂರು ತೆಗೆಯುತ್ತಾರೆ, ಬೇಕಾದರೆ ಒಂದೆರಡು ಹೊಲಿಗೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶ ಎಷ್ಟು ಕೆಟ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ. ಎಂಜಲು ಇದನ್ನು ಹೇಳುವುದಿಲ್ಲ. ಮಚ್ಚೆ ಯಾವ ಜಾಗದಲ್ಲಿದೆ ಅಂತಲೂ ಹೇಳುವುದಿಲ್ಲ.

ಮತ್ತೊಬ್ಬರು: ಹಾಗಾದ್ರೆ ಮಚ್ಚೆ ಇಲ್ಲದವರು, ಸುಮ್ನೆ ಚೆಕ್ ಮಾಡಿಸಲು?

ಉತ್ತರ: ಅದಕ್ಕೂ ಈಗ ಕಣ್ಣು, ಟಾರ್ಚು, ಬೆರಳೇ ಮೇಲು. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. 2005ರಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಯಾವ ಎಂಜಲು ಟೆಸ್ಟೂ ಇನ್ನೂ ಇಂಥದ್ದನ್ನು ತೋರಿಸಿಲ್ಲ.

ಇನ್ನೊಬ್ಬರು: ನಾನು ತಂಬಾಕು ಮುಟ್ಟಲ್ಲ ಮೇಡಂ, ಬರೀ ಪಾನ್ ಮಸಾಲ. ಈಗೀಗ ಕಾರ ತಿಂದರೆ ಬಾಯೆಲ್ಲಾ ಉರಿ.

ಉತ್ತರ: ಮಧ್ಯದ ಮೂರು ಬೆರಳು ಉದ್ದಕ್ಕೆ ನಿಲ್ಲಿಸಿ ಬಾಯೊಳಗೆ ಹಿಡಿಸುತ್ತವಾ ನೋಡಿ. ಹಿಡಿಸದಿದ್ದರೆ ಕೆನ್ನೆ ಒಳಗೆ ಬಿಗಿಯಾಗುತ್ತಿರಬಹುದು. ಅದಕ್ಕೆ ಮುಖ್ಯ ಕಾರಣ ಪಾನ್ ಮಸಾಲದಲ್ಲಿರುವ ಅಡಿಕೆಯೇ. ಈ ಬಿಗಿತವೂ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. ಬೆರಳು ಹಿಡಿಸಿದರೂ ಉರಿಯನ್ನು ತಾತ್ಸಾರ ಮಾಡಬೇಡಿ. ಇವತ್ತೇ ಬಿಡಿ, ಈ ವಾರವೇ ತೋರಿಸಿ. ಗಟ್ಟಿಯಾದ ಕೆನ್ನೆ ಮೊದಲಿನಂತೆ ಆಗುವುದು ಕಷ್ಟ.

ಸಾಗರದವರು: ಅಪ್ಪನಿಗೆ ಓದಿ ಹೇಳಿದೆ. ಸೋಮವಾರ ಬರ್ತಾರಂತೆ. ಹೃದಯಕ್ಕೆ ರಕ್ತ ತೆಳು ಮಾಡುವ ಮಾತ್ರೆ ತಗೋತಾರೆ, ನಿಲ್ಲಿಸಬೇಕಾ?

ಉತ್ತರ: ನೀವಾಗಿ ನಿಲ್ಲಿಸಬೇಡಿ. ಮಾತ್ರೆ ಚೀಟಿ ತೆಗೆದುಕೊಂಡು ಹೋಗಿ, ಬಯಾಪ್ಸಿ ಮಾಡುವವರು ಹೃದಯದ ಡಾಕ್ಟರನ್ನು ಕೇಳಿಯೇ ಮುಂದುವರಿಯುತ್ತಾರೆ. ತಿಂಡಿ ತಿನ್ನಿಸಿಯೇ ಕರೆದುಕೊಂಡು ಹೋಗಿ.