ಕೃಷಿ ಹೊಂಡದ ತುಂಬಾ ಹಸಿರು ಪಾಚಿ, ಏನು ಮಾಡಿದರೂ ಜಗ್ಗುತ್ತಿಲ್ಲ

ಗೊನೆಗಾರ:
ತಲೆ ಕೆಟ್ಟು ಹೋಗಿದೆ. ಬೆಳಗ್ಗೆ ಹೋಗಿ ನೋಡಿದರೆ ಮೂಲೆಯಲ್ಲಿ ಪೇಂಟ್ ಚೆಲ್ಲಿದ ಹಾಗೆ ಹಸಿರು ಕೆನೆ. ಡ್ರಿಪ್ ಫಿಲ್ಟರ್ ದಿನಕ್ಕೆರಡು ಸಲ ತೊಳೆಯಬೇಕು. ಎಲ್ಲ ಮಾಡಿ ನೋಡಿದೆ. ಬಿಸಿಲಿನಿಂದ ತಾನೇ ಇದು ಬೆಳೆಯೋದು, ಆ ಬೆಳಕನ್ನೇ ತಪ್ಪಿಸೋಕೆ ಆಗುತ್ತಾ?

ತುತ್ತದಣ್ಣ:
ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಗೆ ಹೊಡೆಯುವ ಬೋರ್ಡೊ ದ್ರಾವಣಕ್ಕೆ ತಂದದ್ದು ಮನೇಲಿ ಇರುತ್ತಲ್ವಾ. ಬಟ್ಟೆಯಲ್ಲಿ ಗಂಟು ಕಟ್ಟಿ ನೀರಲ್ಲಿ ಎಳೆದಾಡಿ. ಮುಗೀತು.

ಹೊಂಡದಮನೆ:
ಅಳತೆ ಎಷ್ಟು? ಮೀನು ಬಿಟ್ಟಿದ್ದೀರಾ?

ತುತ್ತದಣ್ಣ:
ಮೀನಿದ್ದರೆ ಏನೀಗ? ತಾಮ್ರ ಪಾಚಿಯ ದ್ಯುತಿಸಂಶ್ಲೇಷಣೆಗೇ ಕೊಡಲಿ ಹಾಕುತ್ತೆ.

ಗೊನೆಗಾರ:
21 ಮೀಟರ್ ಚೌಕ, 3 ಮೀಟರ್ ಆಳ. ಕಾಟ್ಲಾ ಇದೆ. ತುತ್ತ ಹೋದ ತಿಂಗಳೇ ಹಾಕಿದ್ದೆ. ಐದು ದಿನ ನೀರು ತಿಳಿಯಾಯಿತು, ಹತ್ತು ಮೀನು ತೇಲಿದವು, ಮತ್ತೆ ಹಸಿರು.

ತುತ್ತದಣ್ಣ:
ಪ್ರಮಾಣ ಕಮ್ಮಿ ಆಗಿದೆ.

ಹೊಂಡದಮನೆ:
ಅಣ್ಣಾ, ಸಾಕು ಬಿಡಿ. ಮೆದು ನೀರಲ್ಲಿ ತಾಮ್ರ ಮೀನಿಗೆ ಇನ್ನೂ ಜಾಸ್ತಿ ವಿಷ. ಪಾಚಿ ಒಂದೇ ಸಲ ಸತ್ತು ಕೊಳೆತರೆ ಆಮ್ಲಜನಕ ಕುಸಿಯುತ್ತೆ, ಅದರೊಳಗಿನ ರಂಜಕ (ಪಾಚಿಗೆ ಅದೇ ಗೊಬ್ಬರ) ನೀರಿಗೇ ವಾಪಸ್. ಮತ್ತೆ ಬೆಳೆಯದೆ ಇನ್ನೇನು?
ಗೊನೆಗಾರರೇ, ಒಳಗಿನದು ಕಾಣುವಂಥ ಬಿಳಿ ಬಾಟಲಿಯಲ್ಲಿ ನೀರು ತುಂಬಿ ರಾತ್ರಿ ಅಲುಗಾಡಿಸದೆ ಇಡಿ. ಹಸಿರೆಲ್ಲ ಮೇಲೆ ಬಂದು ನಿಂತರೆ ಅದು ಮೈಕ್ರೋಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿ ಇರಬಹುದು. ಅದು ಗಾಳಿಚೀಲ ಇಟ್ಟುಕೊಂಡು ಬೆಳಕು ಹುಡುಕಿ ತೇಲುವ ಜಾತಿ. ಬೆಳಕು ತಡೆಯಲು ನೀರಿಗೆ ಹಾಕುವ ನೀಲಿ ಬಣ್ಣ ತಳದ ಪಾಚಿಗೆ ಸರಿ, ಇದಕ್ಕೆ ದುಡ್ಡು ದಂಡ. ಯಾವ ಪಾಚಿ ಅಂತ ಗೊತ್ತಾಗುವವರೆಗೆ ದನಕ್ಕೆ ಆ ನೀರು ಬೇಡ. ಈ ನೀಲಿ-ಹಸಿರು ಪಾಚಿಯ ವಿಷ ಕುದಿಸಿದರೂ ಹೋಗಲ್ಲ.

ಕಳೆಕೊಯ್ಲು:
ಡೈಯುರಾನ್ ಕಳೆನಾಶಕ? ಅದೂ ದ್ಯುತಿಸಂಶ್ಲೇಷಣೆಗೇ ಹೊಡೆತ.

ಹೊಂಡದಮನೆ:
ಅಯ್ಯೋ ಮಾರಾಯ್ರೇ, ಅದೇ ನೀರು ಡ್ರಿಪ್ಪಲ್ಲಿ ಅಡಿಕೆ ಬುಡಕ್ಕೆ ಹೋಗುತ್ತೆ! ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುವ ಕಳೆನಾಶಕ ಅದು.

ಸೂರ್ಯಪಂಪು:
ನಂದು 5 ಎಚ್‌ಪಿ ಸೋಲಾರ್, ಜೊತೆಗೆ ನೀರಿಗೆ ಗಾಳಿ ಊದುವ ಏರೇಟರ್. ನೀರು ಕನ್ನಡಿ. ಫೋಟೋ ಹಾಕಲಾ?

ತುತ್ತದಣ್ಣ:
ಹಾಕಿ. ಪ್ಯಾನೆಲ್ ಎಷ್ಟು ವ್ಯಾಟ್?

ಗೊನೆಗಾರ:
ನನ್ನ ಹೊಂಡದ ಮಾತು ಬಿಟ್ಟು ಪ್ಯಾನೆಲ್ ಯಾಕ್ರೀ? ಬಾಟಲಿ ಇಟ್ಟಿದ್ದೆ, ಮೇಲೆ ಒಂದು ಬೆರಳು ದಪ್ಪ ಹಸಿರು, ಕೆಳಗೆ ಹೆಚ್ಚುಕಮ್ಮಿ ತಿಳಿ. ಇನ್ನೊಂದು ಹೇಳೋದು ಮರೆತಿದ್ದೆ: ಗೋಬರ್ ಗ್ಯಾಸ್ ಸ್ಲರಿ ಮಳೆಗೆ ಉಕ್ಕಿ ಹೊಂಡಕ್ಕೇ ಇಳಿಯುತ್ತೆ.

ಹೊಂಡದಮನೆ:
ಇದನ್ನು ಮೊದಲು ಹೇಳೋದಲ್ವಾ! ಸ್ಲರಿಯಿಂದ ದಿನಾ ಪಾಚಿಗೆ ಊಟ ಹಾಕುತ್ತಾ ಬಾಗಿಲು ಮುಚ್ಚೋದು ಹೇಗೆ? ಸ್ಲರಿಗೆ ಬದು ಹಾಕಿ. ಕೆನೆಯನ್ನು ಗ್ಲೌಸ್ ಹಾಕಿಕೊಂಡು ಬಟ್ಟೆಯಲ್ಲಿ ಬಳಿದು ತೆಗೆಯಿರಿ. ಆಮೇಲೆ ಶೇಡ್ ನೆಟ್, ಮೊದಲು ಅರ್ಧ ಮಾತ್ರ. ಪೂರ್ತಿ ಮುಚ್ಚಿದರೆ ಒಟ್ಟಿಗೆ ಸತ್ತು ಮತ್ತೆ ಮೀನು ತೇಲುತ್ತೆ.

ಗೊನೆಗಾರ:
12 ದಿನ ಆಯಿತು. ಬದು ಹಾಕಿದೆ, ಅರ್ಧ ನೆಟ್ ಕಟ್ಟಿದೆ. ಫಿಲ್ಟರ್ ಈಗ ಎರಡು ದಿನಕ್ಕೊಂದು ಸಲ. ನೆಟ್ ಮೇಲೆ ನವಿಲು ಬಂದು ಕೂತು ಹರಿಯುತ್ತಿದೆ, ಅದಕ್ಕೇನು ಮಾಡೋದು?

ತುತ್ತದಣ್ಣ:
ನೆಟ್ ಎಷ್ಟು ಪರ್ಸೆಂಟ್?